ಸೈಲೆನ್ಸರ್ ಬಿಚ್ಚಿದ ರವಿವಾರ

ಸೋಲಾಪುರದ ನಮ್ಮ ಮನೆಯ ಅಂಗಳದ ಮುಕ್ಕಾಲು ಭಾಗವನ್ನು ಒಂದು ಕಾರು ನುಂಗಿಕೊಂಡಿತ್ತು. ಉಳಿದ ಕಾಲು ಭಾಗದಲ್ಲಿ ನಳ, ಬಟ್ಟೆ ಒಗೆಯುವ ಕಲ್ಲು, ಅವ್ವನ ಕರಿಬೇವಿನ ಗಿಡ, ಅಪ್ಪನ ಸೈಕಲ್ಲು ಎಲ್ಲವೂ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರುತ್ತಿದ್ದವು. ಬಂದವರು ಗೋಡೆಗೂ ಕಾರಿಗೂ ನಡುವೆ ಅಡ್ಡಡ್ಡ ನಡೆದು ಪಡಸಾಲೆ ಮುಟ್ಟಬೇಕಾಗಿತ್ತು. ತುಸು ದಪ್ಪನೆಯವರಾದರೆ ಅಂಗಿಯ ಬೆನ್ನಿಗೆ ನಮ್ಮ ಗೋಡೆಯ ಸುಣ್ಣ ಹತ್ತಿಸಿಕೊಂಡೇ ಒಳಗೆ ಬರುತ್ತಿದ್ದರು. ಕಾರಿನ ಬಣ್ಣ ಹಾಲು ಹೆಚ್ಚಾದ ಚಹಾದ ಬಣ್ಣ, ಬೆನ್ನು ದುಂಡಗೆ. ವರ್ಷದ ಹೆಚ್ಚಿನ ದಿನ ಅದರ ಮೇಲೆ ತಾಡಪತ್ರಿ ಹೊದಿಸಿರುತ್ತಿತ್ತು. ಬೇಸಿಗೆಯಲ್ಲಿ ಅವ್ವ ಆ ತಾಡಪತ್ರಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ಅಪ್ಪ ಕಚೇರಿಯಿಂದ ಬರುವ ಹೊತ್ತಿಗೆ ಸರಿಯಾಗಿ ಎಲ್ಲ ಎತ್ತಿಬಿಡುತ್ತಿದ್ದಳು. ಮೂರು ಕೋಣೆಯ ಆ ಮನೆಯಲ್ಲಿ ನಾವು ನಾಲ್ಕು ಜನ: ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಾಯಿ. ಅವರನ್ನು ನಾನು ಆಯಿ ಎಂದು ಕರೆಯುತ್ತಿದ್ದೆ.

ಕಾರು ಅಜ್ಜನದು. ಅಜ್ಜ ಅಕ್ಕಲಕೋಟೆಯಲ್ಲಿ ವಕೀಲರಾಗಿದ್ದರು. ಅಲ್ಲೇ ಬಾಡಿಗೆ ಮನೆಯಲ್ಲಿ ಆಯಿಯೂ ಅಪ್ಪನ ತಮ್ಮ ಶಿವಾನಂದ ಕಾಕಾನೂ ಅವರ ಜೊತೆಗಿದ್ದರು. ಕೊನೆಗೊನೆಗೆ ಅಜ್ಜನ ಕೈ ನಡುಗತೊಡಗಿದಾಗ ಸ್ಟೇರಿಂಗು ಕಾಕಾನ ಪಾಲಿಗೆ ಬಂತು. ನಾನು ಒಂಬತ್ತು ವರ್ಷದವಳಿದ್ದಾಗ ಒಂದು ಶನಿವಾರ ಮಧ್ಯಾಹ್ನ ಅಜ್ಜನಿಗೆ ಎದೆನೋವು ಬಂತು. ಕಾಕಾ ಆ ದಿನ ಗೆಳೆಯನ ನಿಶ್ಚಿತಾರ್ಥಕ್ಕೆಂದು ಕಾರು ತೆಗೆದುಕೊಂಡು ಕಂದಲಗಾಂವಕ್ಕೆ ಹೋಗಿದ್ದ. ನೆರೆಯವರು ಓಡಾಡಿ ಒಂದು ಜೀಪು ಹಿಡಿದು ತರುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಸೋಲಾಪುರದ ಆಸ್ಪತ್ರೆಗೆ ಅಜ್ಜ ಮುಟ್ಟಲಿಲ್ಲ. ವಳಸಂಗ ದಾಟುವ ಮೊದಲೇ ದಾರಿಯಲ್ಲಿ ಹೋದರು.

ಗಾಡಿ ಮನೆಯಲ್ಲಿದ್ದಿದ್ದರೆ ಅಜ್ಜ ಉಳಿಯುತ್ತಿದ್ದರು ಎಂದು ಅಪ್ಪ ಮಣ್ಣು ಮಾಡಿದ ದಿನವೇ ಎಲ್ಲರ ಮುಂದೆ ಅಂದ. ಕಾಕಾ ತಲೆ ತಗ್ಗಿಸಿ ಕೇಳಿಸಿಕೊಂಡ. ಒಂದಕ್ಷರ ಮಾತಾಡಲಿಲ್ಲ. ಅಕ್ಕಲಕೋಟೆಯ ಮನೆ ಬಿಟ್ಟು ಆಯಿ ನಮ್ಮಲ್ಲಿಗೆ ಬಂದಾಗ ಕಾಕಾನೇ ಕಾರನ್ನು ನಡೆಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ, ಕೀಲಿಯನ್ನು ಪಡಸಾಲೆಯ ಕಿಟಕಿಯಲ್ಲಿಟ್ಟು ಹೋದ. ಆಮೇಲೆ ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಕಾರಖಾನೆಯಲ್ಲಿ ಫಿಟರ್ ಕೆಲಸ ಹಿಡಿದು ಅಲ್ಲೇ ಹತ್ತಿರ ಕೋಣೆ ಮಾಡಿಕೊಂಡ. ಪಂಚಮಿಗೆ, ದೀಪಾವಳಿಗೆ ನಮ್ಮ ಮನೆಗೆ ಬರುತ್ತಿದ್ದ. ಇಬ್ಬರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂಡುತ್ತಿದ್ದರು. ಆದರೆ ಎರಡು ವರ್ಷ ಒಬ್ಬರಿಗೊಬ್ಬರು ನೇರ ಮಾತಾಡಲಿಲ್ಲ. "ಅವನಿಗಿ ಇನ್ನೊಂದ ರೊಟ್ಟಿ ಹಾಕು" ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದ. "ಸಾಕ್ರಿ ವೈನಿ, ಹೊಟ್ಟಿ ತುಂಬೇತಿ" ಎಂದು ಕಾಕಾ ಅವ್ವನಿಗೇ ಹೇಳುತ್ತಿದ್ದ. ಇಬ್ಬರ ಮಧ್ಯೆ ಒಂದು ಮೊಳದ ಅಂತರ, ಮಾತು ಮಾತ್ರ ಅವ್ವನ ಮೂಲಕ ಸುತ್ತು ಹಾಕಿ ಹೋಗುತ್ತಿತ್ತು.

ಅಪ್ಪನಿಗೆ ಕಾರು ನಡೆಸಲು ಬರುತ್ತಿತ್ತು, ಆದರೆ ಹೊರಗೆ ತೆಗೆಯುತ್ತಿರಲಿಲ್ಲ. ಪ್ರತಿ ರವಿವಾರ ಬೆಳಿಗ್ಗೆ, ಬಟ್ಟೆ ಗಿರಣಿಯ ಭೋಂಗಾ, ಅಂದರೆ ಸೈರನ್ನು, ಕೂಗಿದ ಮೇಲೆ, ಸ್ನಾನ ಮಾಡಿ ತಾಡಪತ್ರಿ ಸರಿಸಿ ಒಳಗೆ ಕೂತು ಎಂಜಿನ್ ಚಾಲೂ ಮಾಡುತ್ತಿದ್ದ. ಐದು ನಿಮಿಷ ಅದು ಕುದಿಯುವ ಹಾಗೆ ಸದ್ದು ಮಾಡುತ್ತಿತ್ತು. ಅಪ್ಪ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಎದುರಿನ ಗೋಡೆ ನೋಡುತ್ತ ಕೂತಿರುತ್ತಿದ್ದ. ಆಮೇಲೆ ಬಂದ್ ಮಾಡಿ, ತಾಡಪತ್ರಿ ಎಳೆದು, ಚಹಾಕ್ಕೆ ಬರುತ್ತಿದ್ದ. ನಮ್ಮ ಮನೆಯಲ್ಲಿ ಅದೊಂದು ಪೂಜೆಯ ಹಾಗೇ ನಡೆದುಹೋಗುತ್ತಿತ್ತು. ಏಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಎರಡನೆಯ ವರ್ಷದಲ್ಲಿ ಆ ಸದ್ದು ಒಡೆಯತೊಡಗಿತು. ಮೊದಲು ಗೊಗ್ಗರು, ಆಮೇಲೆ ಪಟಪಟ. ಪಕ್ಕದ ಮನೆಯವರ ಕೂಸು ಎದ್ದು ಅಳುವಷ್ಟು. ಅಪ್ಪ ಐದು ನಿಮಿಷವನ್ನು ಮೂರಕ್ಕೆ ಇಳಿಸಿದ.

ನನಗೆ ಹನ್ನೊಂದು ನಡೆಯುತ್ತಿದ್ದ ಚಳಿಗಾಲದಲ್ಲಿ ಆಯಿಯ ಎರಡೂ ಕಣ್ಣಿಗೆ ಪೊರೆ ಬಂತು. ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, ಒಂದು ದಿನ ಅವರು ಅಪ್ಪನಿಗೆ ಹೇಳಿದರು:

"ಗುರು, ಆಪರೇಶನ್ ಮಾಡ್ತಾರಂತ, ಮಾಡ್ಲಿ. ಹ್ಯಾಂಗ ಆಗತೈತೋ ಯಾರಿಗಿ ಗೊತ್ತು. ಅದಕಿನ ಮೊದಲ ಒಂದ್ಸಲ ಅಕ್ಕಲಕೋಟಿ ಗುಡಿಗಿ ಹೋಗಿ ಬರಬೇಕು. ಎಸ್‌ಟಿ ಬಸ್ಸ ಹತ್ತಾಕ ನನ್ನ ಮೊಣಕಾಲ ಕೇಳೂದಿಲ್ಲ. ನಮ್ಮ ಗಾಡ್ಯಾಗ ಕರಕೊಂಡ ಹೋಗು."

"ಗಾಡಿ ಹಾಳಾಗೇತಿ ಅವ್ವಾ. ರಿಕ್ಷಾ ಮಾಡ್ಕೊಂಡ ಹೋಗೂಣು."

"ಅಷ್ಟ ದೂರ ರಿಕ್ಷಾದಾಗ ಕುಂತರ ನಾ ಆಪರೇಶನ್ನಿಗಿ ಉಳ್ಯಾಂಗಿಲ್ಲ," ಎಂದರು ಆಯಿ.

ಅಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಒಂದು ಗುರುವಾರ ರಜೆ ಹಾಕಿ ಕಾರು ಹೊರಗೆ ತೆಗೆದ. ನಮ್ಮ ಓಣಿಯಲ್ಲಿ ಅದೊಂದು ದೊಡ್ಡ ಸಂಗತಿ. ಸದ್ದಿಗೆ ಎಲ್ಲ ಬಾಗಿಲುಗಳಲ್ಲೂ ಜನ ನಿಂತರು. ಚಳಿಯೆಂದು ಆಯಿ ಚಾದರು ಸುತ್ತಿಕೊಂಡು ಮುಂದೆ ಕೂತರು, ಗಾಜುಗಳನ್ನೆಲ್ಲ ಏರಿಸಿದೆವು. ಅವ್ವ ಮತ್ತು ನಾನು ಹಿಂದೆ. ಊರು ದಾಟಿದ ಮೇಲೆ ಸದ್ದು ಇನ್ನೂ ಹೆಚ್ಚಾಯಿತು. ಮಾತಾಡಿದ್ದು ಕೇಳುತ್ತಿರಲಿಲ್ಲ. ನಾನು ಅವ್ವನ ತೊಡೆಯ ಮೇಲೆ ಕಾಲಿಟ್ಟು ಸೀಟಿನ ಮೂಲೆಯಲ್ಲಿ ಮುಖ ಹುದುಗಿಸಿ ಮಲಗಿದೆ. ಆ ಮೂಲೆಯ ಕೆಳಗೆ ತಗಡು ತುಕ್ಕು ಹಿಡಿದು ಬಾಯಿ ಬಿಟ್ಟಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸುಟ್ಟ ವಾಸನೆ ಬರುತ್ತಿತ್ತು, ಹಳೆಯ ಗಾಡಿಯೆಂದರೆ ಹೀಗೇ ಎಂದುಕೊಂಡೆ. ತಲೆ ಸಿಡಿಯತೊಡಗಿತು. ಆಮೇಲೆ ಸಿಡಿತವೂ ನಿಂತು ಒಂದು ಸುಖವಾದ ನಿದ್ದೆ ಬಂದ ಹಾಗಾಯಿತು. ಅವ್ವ ನನ್ನ ಹೆಸರು ಹಿಡಿದು ಕೂಗುತ್ತಿದ್ದದ್ದು ಬಹಳ ದೂರದಿಂದ, ಬಾವಿಯ ಮೇಲಿನಿಂದ ಕೂಗಿದ ಹಾಗೆ ಕೇಳಿಸಿತು. ಕೈ ಎತ್ತಬೇಕೆಂದರೂ ಎತ್ತಲಾಗಲಿಲ್ಲ.

"ನಿಲ್ಲಸ್ರಿ. ಕೂಸು ಎಚ್ಚರಿಲ್ಲ, ಗಾಡಿ ನಿಲ್ಲಸ್ರಿ."

ಅವ್ವ ನನ್ನನ್ನು ಹೊರಗೆಳೆದು ಜಾಲಿಯ ಗಿಡದ ಕೆಳಗೆ ಮಲಗಿಸಿದಳಂತೆ. ತಣ್ಣನೆಯ ಗಾಳಿ ಮುಖಕ್ಕೆ ಬಡಿದದ್ದು ನನಗೆ ನೆನಪಿದೆ. ವಾಂತಿ ಮಾಡಿಕೊಂಡದ್ದು ನೆನಪಿದೆ. ಕಣ್ಣು ತೆರೆದಾಗ ಮೊದಲು ಕಂಡದ್ದು ಅಪ್ಪ. ರಸ್ತೆಯ ಅಂಚಿನ ಕಲ್ಲಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ನನ್ನ ಕಡೆ ನೋಡಲು ಅವನಿಗೆ ಧೈರ್ಯವಿರಲಿಲ್ಲ. ವಳಸಂಗ ಅಲ್ಲಿಂದ ಒಂದೆರಡು ಮೈಲಿ. ಅಜ್ಜ ಪ್ರಾಣ ಬಿಟ್ಟದ್ದೂ ಅಲ್ಲೇ ಎಲ್ಲೋ ಎಂಬುದನ್ನು ಆಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಾಜುಗಳನ್ನೆಲ್ಲ ಇಳಿಸಿ, ನನ್ನನ್ನು ಆಯಿಯ ತೊಡೆಯ ಮೇಲೆ ಮುಂದೆ ಕೂಡಿಸಿ, ಹಾಗೆಯೇ ನಿಧಾನವಾಗಿ ಸೋಲಾಪುರಕ್ಕೆ ಮರಳಿದೆವು. ಎಂಜಿನ್ನಿನ ವಿಷದ ಹೊಗೆ ಒಳಗೆ ಬಂದಿದೆ, ಇನ್ನು ಸ್ವಲ್ಪ ಹೊತ್ತಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ನಾಲ್ಕು ದಿನ ಗಾಳಿ ಆಡುವಲ್ಲಿ ಮಲಗಿಸಿ ಎಂದೂ ಹೇಳಿದರು. ಹಾಗಾಗಿ ನನ್ನ ಹೊರಸು ಅಂಗಳಕ್ಕೆ, ಕಾರಿನ ಪಕ್ಕಕ್ಕೇ ಬಂತು.

ಆ ಸಂಜೆ ಅಪ್ಪ, ಸಿಟ್ಟು ಬಂದಾಗಲೆಲ್ಲ ಮಾಡುವಂತೆ, ಮರಾಠಿಗೆ ಹೊರಳಿದ. "ಪುರೇ ಝಾಲಂ ಆತಾ," ಸಾಕಾಯಿತು ಇನ್ನು, ಎಂದ. ನಾಳೆಯೇ ಭಂಗಾರದವನನ್ನು, ಗುಜರಿಯವನನ್ನು, ಕರೆದು ಗಾಡಿಯನ್ನು ತೂಕಕ್ಕೆ ಹಾಕುತ್ತೇನೆ ಎಂದ. ಅವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಗಾಡೀದ ತಪ್ಪೇನೈತ್ರಿ? ಹೊಗೀ ಕೊಳವಿ ತೂತ ಬಿದ್ದೈತಿ. ಹಂಗ ನೋಡಿದ್ರ ನಮ್ಮ ಛಾವಣಿನೂ ಸೋರ್ತೈತಿ, ಮನಿ ಭಂಗಾರಕ್ಕ ಹಾಕ್ತೀರೇನು?"

"ಯಾರು ಮಾಡಾವ್ರು ಅದನ್ನ? ಇಷ್ಟ ಹಳೀ ಗಾಡಿ ಅಂದ್ರ ಗ್ಯಾರೇಜಿನವ್ರು ಮಾರಿ ತಿರುಗಸ್ತಾರ."

"ಮಾಡಾವ ಒಬ್ಬ ಅದಾನ," ಎಂದಳು ಅವ್ವ. ಹೆಸರು ಹೇಳಲಿಲ್ಲ.

ಮರುದಿನ ಅವಳು ಓಣಿಯ ತುದಿಯ ಎಸ್‌ಟಿಡಿ ಅಂಗಡಿಗೆ ಹೋಗಿ ಚಿಂಚೋಳಿಯ ಕಾರಖಾನೆಗೆ ಫೋನು ಮಾಡಿದಳು. ಕಾಕಾನಿಗೆ ಬಾ ಎಂದು ಹೇಳಲಿಲ್ಲವಂತೆ. ಶೈಲಾಗೆ ಹೀಗ್ಹೀಗಾಯಿತು ಎಂದು ನನ್ನ ಸುದ್ದಿಯನ್ನಷ್ಟೇ ಹೇಳಿದಳಂತೆ. ಶನಿವಾರ ಸಂಜೆ ಅವಳು ಒಂದು ಬಟ್ಟಲಲ್ಲಿ ಚಿಮಣಿ ಎಣ್ಣೆ ತೆಗೆದುಕೊಂಡು, ಸೀರೆಯ ಸೆರಗು ಸೊಂಟಕ್ಕೆ ಬಿಗಿದು ಕಾರಿನ ಕೆಳಗೆ ತೂರಿಕೊಂಡಳು. ಅವ್ವ ಹನ್ನೂರಿನವಳು. ಅವರ ಹೊಲದ ಬಾವಿಯ ಮೇಲೆ ಒಂದು ಡೀಸೆಲ್ ಎಂಜಿನ್ ಇತ್ತು, ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ತಂದೆ ಅದನ್ನು ಬಿಚ್ಚುವಾಗಲೆಲ್ಲ ಇವಳನ್ನೇ ಜೊತೆಗೆ ಕರೆಯುತ್ತಿದ್ದರು. ಅದನ್ನೆಲ್ಲ ಅವಳು ನಮ್ಮ ಮನೆಯಲ್ಲಿ ಎಂದೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ. ಕೋಳಿಯ ಗರಿಯಿಂದ ತುಕ್ಕು ಹಿಡಿದ ಒಂದೊಂದು ನಟ್ಟಿಗೂ ಎಣ್ಣೆ ಹಚ್ಚಿ ಹೊರಬಂದಾಗ ಅವಳ ಮೂಗಿನ ಮೇಲೆ ಮಸಿ. "ರಾತ್ರಿ ನೆನೀಲಿ," ಎಂದು ನನಗೆ ಹೇಳಿದಳು. ನೆನೆ ಹಾಕಿದ ಕಾಳಿನ ಬಗ್ಗೆ ಹೇಳಿದ ಹಾಗೆ.

ರವಿವಾರ ಕಾಕಾ ಬಂದ. ಸ್ಕೂಟರಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಹೊಸ ಸೈಲೆನ್ಸರ್ ಡಬ್ಬಿ, ಕಾಲ ಬಳಿ ನಟ್ಟು ತಿರುಗಿಸುವ ಪಾನಾಗಳ ಪೆಟ್ಟಿಗೆ. ಮೊದಲು ನನ್ನ ಹೊರಸಿನ ಬಳಿ ಬಂದು ಹಣೆ ಮುಟ್ಟಿ ನೋಡಿದ. ಅಪ್ಪ ಪಡಸಾಲೆಯ ಬಾಗಿಲಲ್ಲಿ ಪತ್ರಿಕೆ ಹಿಡಿದು ನಿಂತಿದ್ದ. ಪುಟ ಮಾತ್ರ ತಿರುಗುತ್ತಿರಲಿಲ್ಲ. ಕಾಕಾ ಜಾಕಿಯಿಂದ ಗಾಡಿಯ ಒಂದೊಂದು ಬದಿ ಎತ್ತಿ, ಕೆಳಗೆ ದಪ್ಪ ಹಾಸುಗಲ್ಲುಗಳನ್ನು ಪೇರಿಸತೊಡಗಿದ.

"ವೈನಿ, ದಾದಾಗ ಹೇಳ್ರಿ. ಆ ಕಡೀ ಗಾಲಿಗಿ ಮುಂದ ಹಿಂದ ಕಲ್ಲ ಕೊಡ್ಲಿ, ಗಾಡಿ ಉರಳಬಾರದು."

"ಕೇಳಿಸ್ತೇನ್ರಿ? ಕಲ್ಲ ಕೊಡಬೇಕಂತ," ಎಂದಳು ಅವ್ವ ಮೂರು ಮಾರು ದೂರದಲ್ಲಿದ್ದ ಅಪ್ಪನಿಗೆ.

ಅಪ್ಪ ಪತ್ರಿಕೆ ಕಂಕುಳಲ್ಲಿ ಸಿಕ್ಕಿಸಿ, ಗಾಲಿಗೆ ಕಲ್ಲು ಕೊಟ್ಟು ಬಂದ. "ಕೊಟ್ಟೀನಿ ಅಂತ ಹೇಳು."

"ಕೊಟ್ಟಾರಂತ, ಭಾವಜಿ."

ಹೀಗೆ ಒಂದು ತಾಸು ನಡೆಯಿತು. ಸೈಲೆನ್ಸರ್ ನೇತುಹಾಕಿದ್ದ ಹಿಂದಿನ ರಬ್ಬರುಗಳು ಕೈಗೆ ಪುಡಿಯಾಗಿ ಬಂದವು. ನಡುವಿನ ಕ್ಲ್ಯಾಂಪನ್ನು ಕರಗಸದಿಂದ ಕೊಯ್ಯಬೇಕಾಯಿತು. ಉಳಿದದ್ದು ಮುಂದೆ, ಎಂಜಿನ್ನಿಗೆ ಪೈಪು ಕೂಡುವ ಜಾಗದ ನಟ್ಟುಗಳು. ಕಾಕಾ ಕೆಳಗಿನಿಂದ ತಿರುಗಿಸಬೇಕು, ಮೇಲೆ ಬಾನೆಟ್ಟಿನ ಕಡೆಯಿಂದ ಇನ್ನೊಬ್ಬರು ಬೋಲ್ಟು ಅಲುಗದ ಹಾಗೆ ಪಾನಾ ಹಿಡಿಯಬೇಕು. ಅಪ್ಪ ಪತ್ರಿಕೆ ಬಿಟ್ಟು ಬಂದು ಬಾನೆಟ್ಟಿನೊಳಗೆ ಬಾಗಿದ. ನಟ್ಟು ಅಲುಗಲಿಲ್ಲ. ಕಾಕಾ ಬಲ ಹಾಕಿದಷ್ಟೂ ಪಾನಾ ಜಾರಿತು.

"ಬಿಚ್ಚೂ ಮೊದಲ ಒಂದಿಷ್ಟ ಬಿಗಿ ಮಾಡ್ರಿ," ಎಂದಳು ಅವ್ವ, ಬಗ್ಗಿ ನೋಡುತ್ತ. "ತುಕ್ಕ ಒಡೀತೈತಿ. ಆಮ್ಯಾಗ ಸಡ್ಲಾಗತೈತಿ."

ಕಾಕಾ ಕೆಳಗಿನಿಂದ ತಲೆ ಹೊರಳಿಸಿ ಅವಳನ್ನು ನೋಡಿದ. "ಇದನ್ನ ಯಾರ ಹೇಳಿದ್ರು ವೈನಿ ನಿಮಗ?"

"ನಮ್ಮಪ್ಪ," ಎಂದಳು. ಅಷ್ಟರಲ್ಲಿ ಒಳಗೆ ಹಾಲು ಉಕ್ಕುವ ವಾಸನೆ ಬಂದು ಅಡುಗೆಮನೆಗೆ ಓಡಿದಳು.

ಈಗ ಅಂಗಳದಲ್ಲಿ ಮಾತು ದಾಟಿಸುವವರು ಯಾರೂ ಇರಲಿಲ್ಲ. ನಾನು ಹೊರಸಿನ ಮೇಲೆ ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಮಲಗಿದೆ. ನನ್ನನ್ನು ಕರೆದರೆ ಎಂದು ಹೆದರಿಕೆ. ರೆಪ್ಪೆಯ ಸಂದಿನಿಂದ ಕಂಡದ್ದು ಇಷ್ಟೇ: ಮೇಲೊಂದು ಬೆನ್ನು, ಕೆಳಗೆರಡು ಕಾಲು.

"ದಾದಾ, ಹಿಡಿ."

"ಹಿಡದೀನಿ."

"ಗಟ್ಟಿ ಹಿಡಿ."

"ಹಿಡದೀನಿ ಅಂದ್ನಲ್ಲ."

ಕಿರ್ರ್ ಎಂದು ನಟ್ಟು ಮೊದಲು ಬಿಗಿಯಾಯಿತು, ಮರುಕ್ಷಣ ಟಕ್ಕೆಂದು ಸಡಿಲಾಯಿತು. ಎರಡು ವರ್ಷದಲ್ಲಿ ಅವರು ಆಡಿದ ಮೊದಲ ಮಾತು ಅದು. ಇನ್ನೆಲ್ಲ ಸರಿಹೋಯಿತು ಎಂದು ನಾನು ಎಣಿಸಿದೆ. ಹಾಗಾಗಲಿಲ್ಲ. ಹಳೆಯ ಪೈಪೂ ಡಬ್ಬಿಯೂ ಧಡ್ ಎಂದು ಫರಸಿ ಕಲ್ಲಿನ ಮೇಲೆ ಬಿದ್ದಾಗ ಪೈಪಿನಲ್ಲಿ ನನ್ನ ಅಂಗೈ ಹೋಗುವಷ್ಟು ದೊಡ್ಡ ತೂತಿತ್ತು. ಕಾಕಾ ಅದನ್ನು ಎತ್ತಿ ಅಲ್ಲಾಡಿಸಿದ. ಕೆಂಪು ನೀರು ಸುರಿಯಿತು.

"ಓಡದ ಗಾಡಿಗಿ ಹಿಂಗ ಆಗತೈತಿ," ಎಂದ. "ಐದೈದು ನಿಮಿಷ ಚಾಲೂ ಮಾಡಿ ಬಂದ್ ಮಾಡಿದ್ರ ಹೊಗ್ಯಾಗಿನ ನೀರು ಒಳಗ ಕುಂಡರತೈತಿ. ಹತ್ತ ಮೈಲಿ ಓಡಿದ್ರ ಒಣಗಿ ಹೋಗತಿತ್ತು."

ಅವನು ಅಂದದ್ದು ಕೆಲಸಗಾರನ ಮಾತು. ಅಪ್ಪನಿಗೆ ಅದು ಬೇರೆ ರೀತಿ ಕೇಳಿಸಿತು.

"ಅಂದ್ರ? ನನ್ನ ಮಗಳಿಗಿ ನಾನ ವಿಷಾ ಕುಡಿಸಿದೆ ಅಂತೀ ಏನು?"

"ನಾ ಹಂಗ ಅಂದಿಲ್ಲ."

"ಗಾಡಿ ಓಡಿಸಿ ನೀ ಏನ ಮಾಡ್ದಿ ಅಂತ ಊರಿಗೇ ಗೊತ್ತೈತಿ."

ಕಾಕಾ ಎದ್ದು ನಿಂತ. ಅವನ ಮುಖದ ಮಸಿಯಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ನಳದ ಕೆಳಗೆ ಕೈ ತೊಳೆದುಕೊಂಡು, ಆ ತೂತು ಬಿದ್ದ ಪೈಪನ್ನು ಸ್ಕೂಟರಿಗೆ ಹಗ್ಗದಿಂದ ಕಟ್ಟಿ, ಕಿಕ್ ಹೊಡೆದು ಹೋಗಿಬಿಟ್ಟ. ಅವ್ವ ಒಳಗಿನಿಂದ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಓಡಿಬಂದಾಗ ಓಣಿಯಲ್ಲಿ ಹೊಗೆ ಮಾತ್ರ ಉಳಿದಿತ್ತು. ಕಾರು ಕಲ್ಲುಗಳ ಮೇಲೆ ನಿಂತಿತ್ತು, ಹೊಟ್ಟೆ ಬರಿದಾಗಿ.

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿದ್ದರೂ ಯಾರೂ ತಟ್ಟೆ ಹಾಕಲಿಲ್ಲ. ಅಪ್ಪ ಕಾರಿನ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಆಯಿ ಗೋಡೆ ಹಿಡಿದುಕೊಂಡು ಪಡಸಾಲೆಯಿಂದ ಇಳಿದು ಬಂದು ಅವನ ಪಕ್ಕ ಕೂತರು. ಅವರಿಗೆ ಅಪ್ಪನ ಮುಖ ಕಾಣುತ್ತಿರಲಿಲ್ಲ. ಅದರಿಂದ ಅವರಿಗೆ ಹೇಳುವುದು ಸುಲಭವಾಯಿತೇನೋ ಎಂದು ಈಗ ಅನ್ನಿಸುತ್ತದೆ.

"ಗುರು, ಆವತ್ತ ಶಿವೂನ್ನ ನಿಮ್ಮಪ್ಪನೇ ಕಂದಲಗಾಂವಕ್ಕ ಕಳಿಸಿದ್ರು. ಅವ ಹೋಗೂದಿಲ್ಲ ಅಂದಿದ್ದ. ನಿಮ್ಮಪ್ಪ ಏನಂದ್ರಂದ್ರ, ಮಧ್ಯಾಹ್ನದ ಬಸ್ಸಿಗಿ ಗುರು ಬರಾವ ಅದಾನ, ಮನ್ಯಾಗ ಅವ ಇರ್ತಾನ, ನೀ ಹೋಗಿ ಬಾ ಅಂದ್ರು."



"ಗೊತ್ತೈತಿ ಅವ್ವಾ," ಎಂದ ಅಪ್ಪ. "ನಾ ಬರ್ತೀನಿ ಅಂತ ಕಾಗದ ಬರದಿದ್ದೆ. ಬರಲಿಲ್ಲ. ಆಫೀಸಿನ ಸಾಹೇಬ್ರ ಮನಿಯಾಗ ಊಟ ಇತ್ತು, ಬಡ್ತಿ ಲಿಸ್ಟ್ ಹೊಂಡೂದಿತ್ತು, ಉಳಕೊಂಡೆ. ನಾ ಬಂದಿದ್ರ ಜೀಪ ಹುಡುಕಾಕ ಅಷ್ಟ ಹೊತ್ತ ಆಗ್ತಿದ್ದಿಲ್ಲ."

"ಮತ್ತ ಅವನಿಗ್ಯಾಕ ಅಂತೀ?"

"ಅವ ಒಂದ್ಸಲನೂ ಬಾಯಿ ಬಿಟ್ಟ ಇದನ್ನ ಅನ್ನಲಿಲ್ಲ ನೋಡು. ಮಣ್ಣಿನ ದಿವಸ ಮಂದ್ಯಾಗ ಅಂದಿದ್ರ ಅಲ್ಲೇ ಮುಗೀತಿತ್ತು. ನನ್ನ ಮಾನಾ ಉಳಿಸಿದ. ಅದ ನನಗ ತಡಕೊಳ್ಳಾಕ ಆಗ್ವಲ್ತು."

ನಾನು ಅಪ್ಪ ಅಳುವುದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಅವನು ಸದ್ದಿಲ್ಲದೆ, ಬನಿಯನ್ನಿನ ತೋಳಿನಿಂದ ಮುಖ ಒರೆಸುತ್ತ ಅಳುತ್ತಿದ್ದ. ಆಯಿ ಕೈಯಾಡಿಸಿ ಅವನ ತಲೆ ಹುಡುಕಿ, ಅಲ್ಲಿ ಕೈಯಿಟ್ಟುಕೊಂಡು ಕೂತರು. ದೊಡ್ಡವರು ಸುಳ್ಳು ಹೇಳುತ್ತಾರೆಂದು ನನಗೆ ಗೊತ್ತಿತ್ತು. ತಮ್ಮ ಮೇಲಿನ ಸಿಟ್ಟನ್ನು ಇನ್ನೊಬ್ಬರ ತಲೆಗೆ ಕಟ್ಟಿ ವರ್ಷಗಟ್ಟಲೆ ಬದುಕಬಲ್ಲರು ಎಂಬುದು ಅಂದು ಗೊತ್ತಾಯಿತು. ಹಾಗೆ ಬದುಕಿದವರು ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲೂ ಬಲ್ಲರು ಎಂಬುದು ಅದೇ ಹೊತ್ತಿಗೆ ಗೊತ್ತಾದದ್ದು ನನ್ನ ಪುಣ್ಯ. ಆಮೇಲೆ ನನ್ನ ಜೀವನದಲ್ಲಿ ನಾನೂ ಕೆಲವರ ಮೇಲೆ ಇಂಥ ಸಿಟ್ಟು ಕಟ್ಟಿದ್ದೇನೆ. ಪ್ರತಿ ಸಲ ಆ ಕಟ್ಟೆ ನೆನಪಾಗಿ ಬೇಗ ಬಿಚ್ಚಿಕೊಂಡಿದ್ದೇನೆ.

ಮೂರು ಗಂಟೆಯ ಸುಮಾರಿಗೆ ಸ್ಕೂಟರಿನ ಸದ್ದು ಕೇಳಿತು. ಕಾಕಾನ ಹೆಗಲ ಮೇಲೆ ಹೊಸ ಪೈಪು, ಬೆಸುಗೆಯ ಗುರುತು ಇನ್ನೂ ನೀಲಿಯಾಗಿತ್ತು. ಅವನು ಸಿಟ್ಟು ಮಾಡಿ ಹೋಗಿರಲಿಲ್ಲ, ಅಥವಾ ಸಿಟ್ಟು ಮಾಡಿಯೇ ವೆಲ್ಡಿಂಗ್ ಅಂಗಡಿಗೆ ಹೋಗಿದ್ದ. ಹಳೆಯದರ ಅಳತೆಗೆ ಹೊಸ ಪೈಪನ್ನು ಬಗ್ಗಿಸಿ ಬೆಸುಗೆ ಹಾಕಿಸಲು ಇಷ್ಟು ಹೊತ್ತಾಗಿತ್ತು. ಅಪ್ಪ ಬಾಗಿಲಿಗೆ ಹೋಗಿ ಪೈಪಿನ ಇನ್ನೊಂದು ತುದಿ ಹಿಡಿದ.

"ಊಟ ಆಗಿಲ್ಲಲ್ಲ ನಿಂದು?"

"ಇಲ್ಲ."

"ನಮ್ದೂ ಇಲ್ಲ. ಉಣ್ಣೂಣು ನಡಿ."

ಅಂದು ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ತಾನೇ ಎದ್ದು ಕಾಕಾನ ತಟ್ಟೆಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದ. ಸಾಕು ದಾದಾ ಎಂದು ಕಾಕಾ ಕೈ ಅಡ್ಡ ಹಿಡಿದ. ಬೆರಳುಗಳ ಮೇಲೆಯೇ ತುಪ್ಪ ಬಿತ್ತು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಊಟವಾದ ಮೇಲೆ ಅಪ್ಪ ಬನಿಯನ್ ಮೇಲೆಯೇ, ಗೋಣಿಚೀಲ ಹಾಸಿಕೊಂಡು, ಕಾರಿನ ಕೆಳಗೆ ಹೋದ. ಹಿರಿಯ ಗುಮಾಸ್ತನಾಗಿದ್ದ ನನ್ನ ಅಪ್ಪ ಇಸ್ತ್ರಿ ಇಲ್ಲದ ಅಂಗಿ ಹಾಕಿಕೊಂಡು ಕಿರಾಣಿ ಅಂಗಡಿಗೂ ಹೋಗದವನು. ಇಬ್ಬರೂ ಅಂಗಾತ ಪಕ್ಕಪಕ್ಕ ಮಲಗಿದ್ದರು. ಅವರ ನಾಲ್ಕು ಕಾಲು ನನ್ನ ಹೊರಸಿನ ಕಡೆ ಚಾಚಿದ್ದವು. ಪೈಪು ಮೇಲಕ್ಕೆ ಎತ್ತಿ ಹಿಡಿದು, ಅಪ್ಪ ಮಾತಾಡಿದ್ದು ನನಗೆ ಕೇಳಿಸಿತು.

"ಶಿವೂ, ಆವತ್ತ ನಾ ಬರೂದಿತ್ತು."

ಕಾಕಾ ಪಾನಾ ಕೆಳಗಿಟ್ಟ.

"ಇರಲಿ ದಾದಾ. ಅಪ್ಪಾಂದು ಅಲ್ಲಿಗಿ ಮುಗದಿತ್ತು."

"ನೀ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹ್ಯಾಂಗ ಇರ್ತಿದ್ದಿ? ನನಗಾದ್ರ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಬೈಸಿಕೊಂಡ ದೂರ ಹೋಗಿ ಇರಬಹುದಿತ್ತು. ಇದ್ದೆ." ಆಮೇಲೆ ಅದೇ ದನಿಯಲ್ಲಿ, "ಇನ್ನೊಂಚೂರ ಮ್ಯಾಲ ಎತ್ತು. ಹಾಂ, ಹಂಗ" ಎಂದ.

ಹಿಂದಿನ ಕೊನೆಯ ಕ್ಲ್ಯಾಂಪಿಗೆ ಇಬ್ಬರ ಕೈಯೂ ಹೋಗಲಿಲ್ಲ, ದಪ್ಪವಾದವು. ಅವ್ವ ಬಂದು ಬಗ್ಗಿದಳು, ಬಳೆ ತೆಗೆದು ನನ್ನ ಕೈಗೆ ಕೊಟ್ಟು ತೂರಿಕೊಂಡಳು. ಅವಳ ಸಣ್ಣ ಕೈ ಸಲೀಸಾಗಿ ಒಳಗೆ ಹೋಗಿ ನಟ್ಟು ಕೂಡಿಸಿತು. ಆಮೇಲೆ ಅವಳೇ ಬಟ್ಟೆ ಸೋಪಿನ ನೀರನ್ನು ಎಲ್ಲ ಜೋಡಣೆಗಳಿಗೂ ಹಚ್ಚಿ, ಚಾಲೂ ಮಾಡಿ ಎಂದಳು. ಎಲ್ಲಾದರೂ ಸೋರುತ್ತಿದ್ದರೆ ಗುಳ್ಳೆ ಬರಬೇಕು. ಕಾಕಾ ಕೀಲಿ ತಿರುಗಿಸಿದ. ಆಯಿ ಪಡಸಾಲೆಯ ಬಾಗಿಲಲ್ಲಿ ಕಿವಿಗೆ ಎರಡೂ ಕೈ ಹಿಡಿದು ತಯಾರಾಗಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೈ ತೆಗೆದು ಕೇಳಿದರು:

"ಯಾವಾಗ ಚಾಲೂ ಮಾಡ್ತೀರ್ಯೋ?"

"ಚಾಲೂ ಆಗೇತಿ ಅವ್ವಾ," ಎಂದ ಅಪ್ಪ.

ಅವರು ನಂಬಲಿಲ್ಲ. ಅಪ್ಪ ಅವರ ಕೈಹಿಡಿದು ಇಳಿಸಿಕೊಂಡು ಬಂದು ಬಾನೆಟ್ಟಿನ ಮೇಲೆ ಅಂಗೈ ಇಡಿಸಿದ. ಆ ಸಣ್ಣ ನಡುಕ ಕೈಗೆ ತಾಗಿದಾಗ ಅವರು ನಕ್ಕರು. ಗುಳ್ಳೆ ಎಲ್ಲೂ ಬರಲಿಲ್ಲ. ಸೀಟಿನ ಕೆಳಗಿನ ತೂತಿಗೆ ಕಾಕಾ ತಗಡು ಕೂಡಿಸಿ ಸುತ್ತ ಬಿಗಿಯಾಗಿ ಮುಚ್ಚಿದ.

ಮುಂದಿನ ರವಿವಾರ ನಾವು ಐದು ಜನ ಅಕ್ಕಲಕೋಟೆಗೆ ಹೊರಟೆವು. ಕಾಕಾ ನಡೆಸುತ್ತಿದ್ದ. ಆಯಿ ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಪಲ್ಲೆ ಕಟ್ಟಿಸಿಕೊಂಡಿದ್ದರು. ಎಲ್ಲ ಗಾಜೂ ನಾಲ್ಕು ಬೆರಳು ಇಳಿಸಿರಬೇಕು ಎಂಬುದು ಅವ್ವನ ಕಟ್ಟಪ್ಪಣೆ. ಹೊರಗಿನ ಜೋಳದ ಹೊಲಗಳ ವಾಸನೆ ಒಳಗೆ ಬರುತ್ತಿತ್ತು. ಜನರ ಮಾತು ಕೇಳುತ್ತಿತ್ತು. ವಳಸಂಗದ ಹತ್ತಿರ ಕಾಕಾ ಯಾರೂ ಹೇಳದೆ ಗಾಡಿ ನಿಲ್ಲಿಸಿದ. ಅಪ್ಪ ಇಳಿದು ಆಯಿಯನ್ನು ಇಳಿಸಿಕೊಂಡ. ಮೂವರೂ ರಸ್ತೆಯ ಅಂಚಿನಲ್ಲಿ ಒಂದಿಷ್ಟು ಹೊತ್ತು ನಿಂತರು. ಗುಡಿಯಲ್ಲಿ ಆಯಿ ಮೂರ್ತಿಯ ಮುಂದೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನಿಂತರು. ಕಂಡಿತೇ ಎಂದು ಕೇಳಿದೆ. ಕಾಣಬೇಕಾದಷ್ಟು ಕಂಡಿತು ಎಂದರು.

ವಾಪಸು ಬರುವಾಗ, ಬಿಸಿಲು ಇಳಿದು ರಸ್ತೆ ಖಾಲಿಯಾಗಿದ್ದ ಕಡೆ, ಅವ್ವ ಹಿಂದಿನ ಸೀಟಿನಿಂದ ತೀರಾ ಸಾಧಾರಣವಾಗಿ ಒಂದು ಮಾತು ಕೇಳಿದಳು.

"ಭಾವಜಿ, ಒಂದಿಷ್ಟ ನನ್ನ ಕೈಯಾಗ ಕೊಟ್ಟ ನೋಡ್ರಿ."

ಕಾಕಾ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದ. ಅಪ್ಪ ಅವ್ವನ ಮುಖ ನೋಡಿದ. ಮದುವೆಯಾಗಿ ಹದಿನಾಲ್ಕು ವರ್ಷವಾಗಿದ್ದ ಹೆಂಡತಿಯನ್ನು ಯಾರೋ ಹೊಸಬರನ್ನು ನೋಡಿದ ಹಾಗೆ ನೋಡಿದ.

"ಕೊಡು," ಎಂದ.

ಆಯಿ ನನ್ನ ಪಕ್ಕಕ್ಕೆ ಬಂದರು, ಅವ್ವ ಮುಂದೆ ಹೋದಳು. ಕಾಕಾ ಪಕ್ಕದಲ್ಲಿ ಕೂತು ಕ್ಲಚ್ಚು, ಗೇರು ಹೇಳಿಕೊಟ್ಟ. ಗಾಡಿ ಎರಡು ಸಲ ಜಿಗಿದು ನಿಂತಿತು. ಮೂರನೆಯ ಸಲ ಹೊರಟಿತು. ಸೀರೆಯ ನೆರಿಗೆಯನ್ನು ಮೊಣಕಾಲಿನ ನಡುವೆ ಒತ್ತಿಕೊಂಡು, ಗದ್ದ ಎತ್ತಿ, ಅವ್ವ ಎತ್ತಿನ ಬಂಡಿಯ ವೇಗದಲ್ಲಿ ಕಾರು ನಡೆಸಿದಳು. ಅಪ್ಪ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕೂತಿದ್ದ. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರು ಬಂತು. ಅವ್ವ ಬದಿಗೆ ಸರಿದು, ಅದು ದಾಟಿಹೋಗುವವರೆಗೆ ತಾಳ್ಮೆಯಿಂದ ನಿಂತು, ಮತ್ತೆ ತಾನಾಗಿಯೇ ಗೇರು ಹಾಕಿದಳು. ಈ ಸಲ ಗಾಡಿ ಜಿಗಿಯಲಿಲ್ಲ. ಅಪ್ಪ ನಿಧಾನವಾಗಿ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ, ಹಿಂದಕ್ಕೆ ಒರಗಿದ. ಆಮೇಲೆ ನನ್ನ ಭುಜ ಮುಟ್ಟಿ, "ನಿಮ್ಮವ್ವ ಹ್ಯಾಂಗ ಮಾಡ್ತಾಳ ಸರಿ ನೋಡ್ಕೋ" ಎಂದ.